ಹೆಸರು ತಪ್ಪಿದ ಮನ್ರೋ, ಹೆಸರಿಲ್ಲದ ಕುಂಬಾರ

ಟಿಪ್ಪುವಿನ ಮರದ ಹುಲಿಯ ಕಥೆ ನಮ್ಮ ಕಡೆ ಶಾಲೆಯ ಮಕ್ಕಳಿಗೂ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರು ಅರಮನೆಯಿಂದ ಹೊತ್ತೊಯ್ದ ಸರಕಿನಲ್ಲಿ ಅದೂ ಒಂದು. ಬಿಳಿಯನೊಬ್ಬನನ್ನು ಅಂಗಾತ ಕೆಡವಿ ಕುತ್ತಿಗೆಗೆ ಬಾಯಿ ಹಾಕಿರುವ ಹುಲಿ. ಪಕ್ಕದ ಹಿಡಿಕೆ ತಿರುಗಿಸಿದರೆ ಅದು ಗುರುಗುಟ್ಟುತ್ತದೆ, ಕೆಳಗಿನವನು ನರಳುತ್ತಾನೆ. 1808ರಿಂದ ಅದನ್ನು ಲಂಡನ್ನಿನ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಸಾರ್ವಜನಿಕರಿಗೆ ತೋರಿಸುತ್ತಿದ್ದರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಅಲ್ಲಿ ಓದಲು ಕೂತವರ ತಲೆಚಿಟ್ಟು ಹಿಡಿಸುತ್ತಿದ್ದರಂತೆ. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಗಾಜಿನೊಳಗೆ ಗಪ್‌ಚುಪ್ಪಾಗಿ ನಿಂತಿದೆ.

ಈ ಹುಲಿಗೆ ಮಣ್ಣಿನ ತಮ್ಮನೊಬ್ಬನಿದ್ದಾನೆ. ಅವನು ಹುಟ್ಟಿದ್ದು ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನಲ್ಲಿ, 1820ರ ದಶಕದ ಆಸುಪಾಸು. ಸುಟ್ಟ ಮಣ್ಣಿನ ಮೇಲೆ ಬಣ್ಣ ಬಳಿದು ಮೆರುಗು ಕೊಟ್ಟ ಈ ಗೊಂಬೆಯಲ್ಲಿ ಹುಲಿಯ ಬಾಯೊಳಗೆ ಸಮವಸ್ತ್ರದ ತರುಣನೊಬ್ಬನ ತಲೆ ಸಿಕ್ಕಿಕೊಂಡಿದೆ. ಪೀಠದ ಮೇಲೆ ಇಂಗ್ಲಿಷಿನಲ್ಲಿ 'ಮನ್ರೋನ ಸಾವು' ಎಂಬ ಬರಹ. 1792ರ ಡಿಸೆಂಬರಿನಲ್ಲಿ ಗಂಗೆಯ ಮುಖದ ಸಾಗರದ್ವೀಪದಲ್ಲಿ ಜಿಂಕೆ ಬೇಟೆಗೆ ಹೋಗಿ ಹುಲಿಯ ಪಾಲಾದ ಹುಡುಗ ಅವನು. ಅಪ್ಪ ಸರ್ ಹೆಕ್ಟರ್ ಮನ್ರೋ, 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕಂಪನಿಯ ಸೇನಾಧಿಕಾರಿ ಬೇಲಿಯ ಪಡೆಯನ್ನು ಪುಡಿಮಾಡುವಾಗ ನೆರವಿಗೆ ಬಾರದೆ, ಫಿರಂಗಿಗಳನ್ನು ಕಂಚಿಯ ಕೆರೆಗೆ ಎಸೆದು ಮದ್ರಾಸಿಗೆ ಹಿಮ್ಮೆಟ್ಟಿದ ದಂಡನಾಯಕ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಇಂದಿಗೂ ಇದೆ. ಶತ್ರುವಿನ ಮಗನನ್ನು ಹುಲಿ ತಿಂದ ಸುದ್ದಿ ಟಿಪ್ಪುವಿನ ಹುಲಿಗೂ ಸ್ಫೂರ್ತಿಯಾಯಿತು ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಮಣ್ಣಿನ ಹುಲಿಯ ವಿಷಯದಲ್ಲಿ ಆ ತಕರಾರಿಲ್ಲ, ಹೆಸರನ್ನೇ ಬರೆದುಬಿಟ್ಟಿದ್ದಾರೆ. ಬರೆದದ್ದು ಮಾತ್ರ ತಪ್ಪು. ಮನ್ರೋ ಎಂಬ ಹೆಸರಿನ ಕೊನೆಗೆ ಬೇಡದ ಒಂದು 'ಡಬ್ಲ್ಯು' ಅಂಟಿಕೊಂಡಿದೆ.

ಗೊಂಬೆಯಲ್ಲಿ ಎಲ್ಲೂ ಕುಂಬಾರನ ಹೆಸರಿಲ್ಲ. ಬರ್ಸ್ಲೆಮ್ ಊರಿನ ಒಬಡಯಾ ಶೆರಟ್ ಮಾಡಿರಬಹುದು ಎಂದು ಬಲ್ಲವರು ಊಹಿಸುತ್ತಾರೆ, ಅಷ್ಟೆ. ಮಾಡಿದವನು ಬಂಗಾಳದ ಕಾಡು ಕಂಡವನಂತೂ ಅಲ್ಲ. ಊರೂರು ತಿರುಗುವ ಪ್ರಾಣಿ ಪ್ರದರ್ಶನದಲ್ಲಿ ಹುಲಿಯನ್ನು ಕಂಡಿದ್ದರೆ ಅದೇ ಹೆಚ್ಚು. ಆದರೂ ಈ ಗೊಂಬೆ ಕೊಳ್ಳಲು ಸಂಗ್ರಾಹಕರು ಹಾತೊರೆಯುತ್ತಾರೆ. ನನಗೆ ಇಂಗ್ಲೆಂಡಿನ ಅಲಂಕಾರಿಕ ಪಿಂಗಾಣಿಯ ಇಡೀ ಇತಿಹಾಸವೇ ಹೀಗೆ ಕಾಣುತ್ತದೆ. ದೂರದಲ್ಲೆಲ್ಲೋ ಇರುವುದನ್ನು ನೋಡದೆಯೇ ನಕಲು ಮಾಡಹೊರಟವರು, ದಾರಿ ತಪ್ಪಿ ಬೇರೆಯೇ ಏನನ್ನೋ ಮಾಡಿ ಕೂತದ್ದು. ಚೆಂದವೆಲ್ಲ ಆ ತಪ್ಪಿನಲ್ಲೇ ಇದೆ.

ಮೊದಲು ಊರು ನೋಡೋಣ. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಪಟ್ಟಣಗಳು ಒಂದಕ್ಕೊಂದು ಅಂಟಿಕೊಂಡು, 1910ರಲ್ಲಿ ಒಂದಾಗಿ ಸ್ಟೋಕ್-ಆನ್-ಟ್ರೆಂಟ್ ಆದವು. ನೆಲದಡಿ ಕಲ್ಲಿದ್ದಲು, ಅದರ ಪಕ್ಕದಲ್ಲೇ ಜೇಡಿಮಣ್ಣು. ಮಣ್ಣಿಗಿಂತ ಉರುವಲು ಹೆಚ್ಚು ಬೇಕಾದ ಕಸುಬಿದು. ಹೊರಗಿನಿಂದ ಮಣ್ಣು ತರಿಸಿಕೊಂಡರೂ ಕುಂಬಾರ ಇದ್ದಲಿನ ಹತ್ತಿರವೇ ಉಳಿಯುತ್ತಾನೆ. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಥಾಮಸ್ ಟಾಫ್ಟ್ ಎಂಬುವನು ದೊಡ್ಡ ಹರಿವಾಣಗಳ ಮೇಲೆ, ತೆಳುವಾಗಿ ಕಲಸಿದ ಮಣ್ಣನ್ನೇ ಧಾರೆಯಾಗಿ ಬಿಟ್ಟು, ನಾವು ರಂಗೋಲಿ ಎಳೆ ಬಿಡುವಂತೆ, ರಾಜರಾಣಿಯರನ್ನೂ ಮತ್ಸ್ಯಕನ್ಯೆಯರನ್ನೂ ಬರೆದ. ಅಂಚಿನ ತುಂಬ ತನ್ನ ಹೆಸರನ್ನೇ ಹಾಕಿಕೊಂಡ. ಆಮೇಲಿನ ಇನ್ನೂರು ವರ್ಷಗಳಲ್ಲಿ ಹಾಗೆ ಹೆಸರು ಹಾಕಿಕೊಳ್ಳುವ ಧೈರ್ಯ ಕೂಲಿ ಕುಂಬಾರರಿಗೆ ಬರಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಚಹಾದ ಜೊತೆ ಹಡಗಿನ ತಳದಲ್ಲಿ ಚೀನಾದ ಪಿಂಗಾಣಿಯೂ ಬಂತು. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವ, ತಟ್ಟಿದರೆ ಗಂಟೆಯಂತೆ ದನಿ ಕೊಡುವ ಬಿಳಿ ಬಟ್ಟಲು. ಅದನ್ನು ಹೇಗೆ ಮಾಡುತ್ತಾರೆ ಎಂದು ಯುರೋಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಮೈಸೆನ್‌ನಲ್ಲಿ 1710ರ ಹೊತ್ತಿಗೆ ಗುಟ್ಟು ಬಿಡಿಸಿದರು. ಕೇಓಲಿನ್ ಎಂಬ ಬಿಳಿಮಣ್ಣೇ ಆ ಗುಟ್ಟು. ಇಂಗ್ಲೆಂಡಿನವರಿಗೆ ಆ ಮಣ್ಣು ಸಿಗದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬೆರೆಸಿ ನೋಡಿದರು. ಲಂಡನ್ನಿನ ಚೆಲ್ಸಿಯಲ್ಲಿ ನಿಕೊಲಾಸ್ ಸ್ಪ್ರಿಮಾಂಟ್ ಎಂಬ ಬೆಳ್ಳಿ ಕೆಲಸದವನು 1745ರ ಆಸುಪಾಸಿನಲ್ಲಿ ಶುರು ಮಾಡಿದ. ಅವನ ಪಿಂಗಾಣಿಗೂ ಬೆಳ್ಳಿ ಪಾತ್ರೆಯದೇ ಆಕಾರ. ಊರಿನ ಇನ್ನೊಂದು ತುದಿಯ ಬೋ ಕಾರ್ಖಾನೆಯವರು ತಮ್ಮನ್ನು 'ಹೊಸ ಕ್ಯಾಂಟನ್' ಎಂದೇ ಕರೆದುಕೊಂಡರು. ಚೀನಾದ ಬಂದರಿನ ಹೆಸರಿಟ್ಟುಕೊಂಡರೆ ಪಾತ್ರೆ ಚೀನಾದ್ದಾಗುತ್ತದೆಯೇ? ಆದರೆ ಮಣ್ಣಿಗೆ ಸುಟ್ಟ ಮೂಳೆಯ ಬೂದಿ ಬೆರೆಸಿದವರು ಅವರೇ. ಆ ಉಪಾಯ ಮುಂದೆ ದೊಡ್ಡದಾಯಿತು.

ಹೀಗೆ ಬೆರಕೆಯಿಂದ ಮಾಡಿದ ಮೃದು ಪಿಂಗಾಣಿಗೆ ಒಂದು ರೋಗವಿತ್ತು. ಕುದಿಯುವ ನೀರು ಹುಯ್ದರೆ ಟೀ ಪಾಟ್ ಟಪ್ಪೆಂದು ಸೀಳುತ್ತಿತ್ತು. ಅದಕ್ಕೆ ಮದ್ದು ರೂಢಿಗೆ ತಂದವರು ಡಾಕ್ಟರ್ ಜಾನ್ ವಾಲ್ ಮತ್ತು ಜೊತೆಗಾರರು 1751ರಲ್ಲಿ ಕಟ್ಟಿದ ವೂಸ್ಟರ್ ಕಾರ್ಖಾನೆಯವರು. ಅವರು ಬೆರೆಸಿದ್ದು ಕಾರ್ನ್‌ವಾಲಿನ ಬಳಪದ ಕಲ್ಲಿನ ಪುಡಿ. ನಮ್ಮ ಬೇಲೂರು, ಹಳೇಬೀಡಿನಲ್ಲಿ ಶಿಲ್ಪಿಗಳು ಉಗುರಿನಷ್ಟು ಸೂಕ್ಷ್ಮವಾಗಿ ಕೆತ್ತಿದ್ದು ಅದೇ ಜಾತಿಯ ಮೆದುಕಲ್ಲಿನಲ್ಲಿ. ವೂಸ್ಟರಿನ ಪಾಟು ಕುದಿನೀರಿಗೆ ಬಗ್ಗಲಿಲ್ಲ. ಹಾಗಾಗಿ ಉಳಿದ ಎಷ್ಟೋ ಕಾರ್ಖಾನೆಗಳು ಒಂದೊಂದಾಗಿ ಮುಳುಗಿದರೂ ಅದು ಉಳಿಯಿತು. ಕಾರ್ನ್‌ವಾಲಿನಲ್ಲೇ ನಿಜವಾದ ಕೇಓಲಿನ್ ಕಂಡುಹಿಡಿದ ಔಷಧ ವ್ಯಾಪಾರಿ ವಿಲಿಯಂ ಕುಕ್‌ವರ್ದಿ 1768ರಲ್ಲಿ ಪ್ಲಿಮತ್‌ನಲ್ಲಿ ಚೀನಾದಂಥದೇ ಗಟ್ಟಿ ಪಿಂಗಾಣಿಗೆ ಹಕ್ಕುಪತ್ರ ಪಡೆದ. ಗುಟ್ಟು ಗೊತ್ತಾದರೂ ಕೈ ಪಳಗಿರಲಿಲ್ಲ. ಅವನ ಪಾತ್ರೆಗಳು ಹೊಗೆ ಹಿಡಿದು ಸೊಟ್ಟಗಾಗುತ್ತಿದ್ದವು. ಇವತ್ತು ಆ ಹೊಗೆ ಕಲೆಯೇ ಪ್ಲಿಮತ್ ಪಾತ್ರೆಯ ಗುರುತು.

ಕೊನೆಗೆ ಇಂಗ್ಲೆಂಡ್ ಗೆದ್ದದ್ದು ಮೂಳೆಯಿಂದ. 1800ರ ಸುಮಾರಿಗೆ ಸ್ಟೋಕ್‌ನಲ್ಲಿ ಎರಡನೆಯ ಜೋಸಾಯಾ ಸ್ಪೋಡ್ ದನದ ಮೂಳೆಯ ಬೂದಿ ಅರ್ಧ, ಉಳಿದರ್ಧದಲ್ಲಿ ಬಿಳಿಮಣ್ಣು ಮತ್ತು ಕಾರ್ನ್‌ವಾಲಿನ ಕಲ್ಲು ಹಾಕಿ ಹದ ಕಂಡುಕೊಂಡ. ಅದೇ ಬೋನ್ ಚೈನಾ. ಚೀನಾದವರಿಗೂ ಗೊತ್ತಿರದ ಈ ಪಿಂಗಾಣಿ, ಚೀನಾದ್ದನ್ನು ನಕಲು ಮಾಡಲಾಗದ ಸಂಕಟದಲ್ಲಿ ಹುಟ್ಟಿತು. ನಮ್ಮಲ್ಲಿ ಎಷ್ಟೋ ಸಸ್ಯಾಹಾರಿ ಮನೆಗಳಲ್ಲಿ ಮದುವೆಗೆ ಉಡುಗೊರೆ ಬಂದ ಟೀ ಸೆಟ್ಟಿನ ಹೆಸರಿನ ಅರ್ಥ ತಡವಾಗಿ ತಿಳಿದು, ಅದು ಅಡುಗೆಮನೆಯಿಂದ ಶೋಕೇಸಿಗೆ ಬಡ್ತಿ ಪಡೆದದ್ದುಂಟು. ಹಾಗೆ ನೋಡಿದರೆ ಪಾತ್ರೆಗೆ ಅದೇ ಒಳ್ಳೆಯದಾಯಿತು.

ಇಷ್ಟು ಹೇಳಿ ವೆಜ್‌ವುಡ್ ಬಗ್ಗೆ ಹೇಳದಿದ್ದರೆ ಮದುವೆ ಊಟದಲ್ಲಿ ಅನ್ನ ಬಡಿಸದ ಹಾಗೆ. ಜೋಸಾಯಾ ವೆಜ್‌ವುಡ್ 1730ರಲ್ಲಿ ಬರ್ಸ್ಲೆಮ್‌ನಲ್ಲಿ ಹುಟ್ಟಿದ. ಚಿಕ್ಕಂದಿನಲ್ಲಿ ಸಿಡುಬು ಬಂದು ಬಲಗಾಲಿನ ಮಂಡಿ ಕೆಟ್ಟಿತು, ತಿಗರಿ ತುಳಿಯುವುದು ಆಗದಾಯಿತು. 1768ರಲ್ಲಿ, ಅರಿವಳಿಕೆ ಇಲ್ಲದ ಕಾಲದಲ್ಲಿ, ಆ ಕಾಲನ್ನು ಕತ್ತರಿಸಿಯೇ ತೆಗೆದರು. ತಿಗರಿ ಬಿಟ್ಟವನು ಪ್ರಯೋಗಕ್ಕಿಳಿದ. ಸಾವಿರಾರು ತುಣುಕುಗಳಿಗೆ ನಂಬರು ಹಾಕಿ, ಯಾವ ಮಣ್ಣು, ಯಾವ ಮೆರುಗು, ಆವಿಗೆಯ ಯಾವ ಮೂಲೆ ಎಂದು ಪುಸ್ತಕದಲ್ಲಿ ಗುಟ್ಟಿನ ಲಿಪಿಯಲ್ಲಿ ಬರೆದಿಟ್ಟ. ಆವಿಗೆಯ ಉರಿ ಅಳೆಯುವ ಸಾಧನ ಮಾಡಿದ್ದಕ್ಕೆ 1783ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಅವನ ಕೆನೆಬಣ್ಣದ ಪಾತ್ರೆಗಳನ್ನು ರಾಣಿ ಶಾರ್ಲೆಟ್ ಮೆಚ್ಚಿದ್ದೇ ತಡ, 'ರಾಣಿಯ ಪಾತ್ರೆ' ಎಂದು ಹೆಸರಿಟ್ಟು ಮಾರಿದ. ಜಾಹೀರಾತು ಎಂಬ ವಿದ್ಯೆಯನ್ನು ಅವನಿಂದ ಕಲಿಯಬೇಕು.

1769ರಲ್ಲಿ ಅವನು ಹೊಸ ಕಾರ್ಖಾನೆ ತೆರೆದು 'ಇಟ್ರೂರಿಯಾ' ಎಂದು ಕರೆದ. ಇಟಲಿಯ ಸಮಾಧಿಗಳಲ್ಲಿ ಆಗ ಅಗೆದು ತೆಗೆಯುತ್ತಿದ್ದ ಕಪ್ಪು ಕೆಂಪು ಹೂಜಿಗಳು ಪ್ರಾಚೀನ ಇಟ್ರಸ್ಕನ್ನರವು ಎಂದು ಎಲ್ಲರೂ ನಂಬಿದ್ದರು. ಅವುಗಳಲ್ಲಿ ಬಹುಪಾಲು ಗ್ರೀಕರವು ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಊರಿಗೇ ಆ ಹೆಸರು ನಿಂತುಬಿಟ್ಟಿತ್ತು. ಹೀಗೆ ಇಂಗ್ಲಿಷ್ ಕುಂಬಾರಿಕೆಯ ಅತ್ಯಂತ ಪ್ರಸಿದ್ಧ ವಿಳಾಸವೂ ಒಂದು ತಪ್ಪೇ. ಮನ್ರೋಗೆ ಅಂಟಿದ ಹೆಚ್ಚಿನ ಅಕ್ಷರವನ್ನು ಇನ್ನು ನಾವು ಕ್ಷಮಿಸಬಹುದು.

ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್‌ಗೆ ವೆಜ್‌ವುಡ್ 1774ರಲ್ಲಿ ಕಳಿಸಿದ ಊಟದ ಸೆಟ್ಟಿನಲ್ಲಿ 952 ಪಾತ್ರೆಗಳಿದ್ದವು. ಅವುಗಳ ಮೇಲೆ ಬ್ರಿಟನ್ನಿನ ಕೋಟೆ, ಬೆಟ್ಟ, ತೋಟಗಳ 1,222 ಬೇರೆ ಬೇರೆ ನೋಟಗಳು, ಪ್ರತಿ ಪಾತ್ರೆಯ ಮೇಲೂ ಒಂದು ಪುಟ್ಟ ಹಸಿರು ಕಪ್ಪೆ. ಸೆಟ್ಟು ಹೋಗಿ ಸೇರಬೇಕಿದ್ದ ಅರಮನೆಯ ಜಾಗದ ಹೆಸರೇ ಕಪ್ಪೆಗಳ ಜೌಗು. ಕಳಿಸುವ ಮುಂಚೆ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟು ಟಿಕೆಟ್ಟು ಕೊಟ್ಟು ಜನರನ್ನು ಒಳಬಿಟ್ಟರು. ಅದೇ ಹೊತ್ತಿಗೆ ಅವನು ಜಾಸ್ಪರ್ ಕಂಡುಕೊಂಡಿದ್ದ. ತಿಳಿನೀಲಿ ಮೈ, ಮೇಲೆ ಬಿಳಿಯ ಉಬ್ಬು ಚಿತ್ರ. ವೆಜ್‌ವುಡ್ ಎಂದೊಡನೆ ಕಣ್ಣಿಗೆ ಬರುವುದು ಅದೇ. ಅದರಲ್ಲಿ ಅವನು ರೋಮನ್ನರ ಪೋರ್ಟ್‌ಲ್ಯಾಂಡ್ ಗಾಜಿನ ಹೂಜಿಯನ್ನು ನಕಲು ಮಾಡಲು ವರ್ಷಗಟ್ಟಲೆ ಒದ್ದಾಡಿ 1790ರ ಹೊತ್ತಿಗೆ ಗೆದ್ದ. 1845ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಕುಡುಕನೊಬ್ಬ ಅಸಲು ಹೂಜಿಯನ್ನು ಚೂರುಚೂರು ಮಾಡಿದಾಗ, ಚೂರು ಜೋಡಿಸುವವರಿಗೆ ದಾರಿ ತೋರಿಸಿದ್ದು ವೆಜ್‌ವುಡ್ಡನ ನಕಲು.

ಶ್ರೀಮಂತರ ಮಾತು ಸಾಕು. ಬಡವರ ತಟ್ಟೆಗೆ ಚಿತ್ರ ಬಂದದ್ದು ಅಚ್ಚಿನಿಂದ. 1756ರಲ್ಲಿ ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಇಬ್ಬರೇ ಸೇರಿ ಆರು ಗಂಟೆಯಲ್ಲಿ 1,200ಕ್ಕೂ ಹೆಚ್ಚು ಬಿಲ್ಲೆಗಳಿಗೆ ಚಿತ್ರ ಅಚ್ಚು ಹಾಕಿದೆವು ಎಂದು ಪ್ರಮಾಣ ಮಾಡಿ ಹೇಳಿದರು. 1784ರಲ್ಲಿ ಮೊದಲನೆಯ ಸ್ಪೋಡ್ ಮೆರುಗಿನ ಕೆಳಗೆ ನೀಲಿ ಅಚ್ಚು ಹಾಕುವುದನ್ನು ಮಣ್ಣಿನ ತಟ್ಟೆಗೆ ಹದಗೊಳಿಸಿದ. ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿ, ಬಿಸಿ ಮಾಡಿ, ಎಣ್ಣೆಯಲ್ಲಿ ಕಲಸಿದ ಕೋಬಾಲ್ಟ್ ನೀಲಿ ತೀಡಿ, ತೆಳು ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಹೆಂಗಸರು ಆ ಕಾಗದ ಕತ್ತರಿಸಿ, ತಟ್ಟೆಗೆ ಅಂಟಿಸಿ, ಗಟ್ಟಿ ಕುಂಚದಿಂದ ಉಜ್ಜಿ, ನೀರಿನಲ್ಲಿ ಅದ್ದಿ ಕಾಗದ ಬಿಡಿಸುತ್ತಿದ್ದರು. ಅಂಚಿನ ಬಳ್ಳಿ ಸುತ್ತಿ ಬಂದು ಸೇರುವಲ್ಲಿ ಹೂವಿನ ಅರ್ಧ ಹೂವಿಗೆ ಕೂಡದೆ ಎಲೆಗೆ ಕೂಡಿರುತ್ತದೆ. ನೀಲಿ ತಟ್ಟೆ ಕೈಗೆ ಸಿಕ್ಕಾಗ ನಾನು ಮೊದಲು ಹುಡುಕುವುದು ಆ ಜೋಡಣೆಯನ್ನು. ಸಂಜೆಯ ಹೊತ್ತು, ತುಂಡುಗೂಲಿ, ಇನ್ನೂ ಹತ್ತು ಡಜನ್ ಬಾಕಿ. ಎಲ್ಲ ಅಲ್ಲಿ ಕಾಣುತ್ತದೆ.

ಈ ನೀಲಿ ಚಿತ್ರಗಳಲ್ಲಿ ಜಗತ್ಪ್ರಸಿದ್ಧವಾದದ್ದು ವಿಲೋ. ಸೇತುವೆ, ಅದರ ಮೇಲೆ ಮೂವರು, ಬಾಗಿದ ಮರ, ಮೇಲೆ ಎರಡು ಹಕ್ಕಿ. ಓಡಿಹೋದ ಚೀನಿ ಪ್ರೇಮಿಗಳು ಹಕ್ಕಿಗಳಾದ ಕಥೆಯೆಂದು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಚೀನಾದಲ್ಲಿ ಅಂಥ ಕಥೆಯೇ ಇಲ್ಲ. ಚಿತ್ರ 1790ರ ಆಸುಪಾಸಿನಲ್ಲಿ ಚೀನಾದ ನಾಕಾರು ವಿನ್ಯಾಸ ಕಲಸಿ ಇಂಗ್ಲೆಂಡಿನಲ್ಲಿ ಕೆತ್ತಿದ್ದು. ಕಥೆ ತಟ್ಟೆ ಮಾರಾಟವಾಗಿ ದಶಕಗಳ ಮೇಲೆ ಹುಟ್ಟಿದ್ದು. ತಮಾಷೆಯೆಂದರೆ, ಬೇಡಿಕೆ ನೋಡಿ ಚೀನಾದ ಕುಂಬಾರರೇ ಇಂಗ್ಲಿಷರ ವಿಲೋ ನಕಲು ಮಾಡಿ ಕಳಿಸಿದರು. ಸ್ಪೋಡ್‌ನ 'ಇಂಡಿಯನ್ ಸ್ಪೋರ್ಟಿಂಗ್' ಸೆಟ್ಟಿನ ಕಥೆಯೂ ಇಂಥದೇ. ಬಂಗಾಳದ ಸೈನ್ಯದಲ್ಲಿದ್ದ ಕ್ಯಾಪ್ಟನ್ ಥಾಮಸ್ ವಿಲಿಯಂಸನ್ ಬರೆದ ಬೇಟೆಯ ಪುಸ್ತಕಕ್ಕೆ ಭಾರತವನ್ನೇ ಕಾಣದ ಸ್ಯಾಮ್ಯುಯೆಲ್ ಹೋವಿಟ್ ಚಿತ್ರ ಬರೆದ. ಅದನ್ನು ಸ್ಪೋಡ್‌ನ ಕೆತ್ತನೆಗಾರರು ತಟ್ಟೆಗೆ ಇಳಿಸಿದರು. ಆನೆ, ಹುಲಿ, ಕರಡಿ ಬೇಟೆಯ ನಡುವೆ ಇಂಗ್ಲಿಷರು ಕುರಿಮಾಂಸ ಬಡಿಸಿಕೊಂಡರು.

ಇನ್ನು ಗೊಂಬೆಗಳು. 1840ರಿಂದೀಚೆಗೆ ಸ್ಟಾಫರ್ಡ್‌ಶೈರಿನ ಸಣ್ಣ ಸಣ್ಣ ಕಾರ್ಖಾನೆಗಳಿಂದ ಗಾಡಿಗಟ್ಟಲೆ ಹೊರಬಿದ್ದವು. ಚಳಿ ದೇಶದ ಮನೆಗಳಲ್ಲಿ ಬೆಂಕಿಗೂಡಿನ ಮೇಲೊಂದು ಹಲಗೆ ಇರುತ್ತದಲ್ಲ, ಅದರ ಮೇಲೆ ಗೋಡೆಗೆ ಒರಗಿಸಿ ಇಡುವ ಗೊಂಬೆಗೆ ಬೆನ್ನೇಕೆ ಬೇಕು? ಬೆನ್ನು ಚಪ್ಪಟೆ, ಬಣ್ಣವೂ ಇಲ್ಲ. ಕೂಲಿಯವನ ಮನೆಗೂ ವಿಕ್ಟೋರಿಯಾ ರಾಣಿ, ನೆಲ್ಸನ್, ಗ್ಯಾರಿಬಾಲ್ಡಿ, ದರೋಡೆಕೋರ ಡಿಕ್ ಟರ್ಪಿನ್ ಎಲ್ಲ ಬಂದರು. ನವರಾತ್ರಿಯ ಮೆಟ್ಟಿಲ ಮೇಲೆ ನಾವು ಪಟ್ಟದ ಗೊಂಬೆಯ ಪಕ್ಕ ಗಾಂಧೀಜಿಯನ್ನೂ ಪೊಲೀಸಪ್ಪನನ್ನೂ ಕೂರಿಸುವ ಹಾಗೆ, ಅಲ್ಲೂ ಯಾರ ಪಕ್ಕ ಯಾರು ಎಂಬ ಭೇದವಿರಲಿಲ್ಲ. ಮುಖ ಹೋಲಬೇಕೆಂಬ ಹಟವೂ ಇರಲಿಲ್ಲ. ಹಳೆಯ ಅಚ್ಚಿಗೆ ಹೊಸ ಹೆಸರು ಬರೆದು ಸಾಗಿಸುತ್ತಿದ್ದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನ ಗೊಂಬೆಯ ಕಾಲಡಿ 'ವಾಷಿಂಗ್ಟನ್' ಎಂದು ಬರೆದದ್ದಕ್ಕೆ ಈಗ ಸಂಗ್ರಾಹಕರು ಮುಗಿಬೀಳುತ್ತಾರೆ.

ಈ ಅಚ್ಚುಗಳಿಗೆ ಮಣ್ಣು ಒತ್ತುತ್ತಿದ್ದವರಲ್ಲಿ ಮಕ್ಕಳೂ ಇದ್ದರು. 1841ರಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವೆನ್ ಎಂಬ ಸರ್ಕಾರಿ ತನಿಖೆಗಾರ ಈ ಊರುಗಳ ಕಾರ್ಖಾನೆ ಹೊಕ್ಕು, ಅಲ್ಲಿ ದುಡಿಯುವ ಹುಡುಗ ಹುಡುಗಿಯರ ಹೇಳಿಕೆಗಳನ್ನು ದಾಖಲಿಸಿದ. ಬಿಳುಪಿಗೆಂದು ಬೆರೆಸುವ ಚಕಮಕಿ ಕಲ್ಲಿನ ಹುಡಿ ಶ್ವಾಸಕೋಶ ತಿನ್ನುತ್ತಿತ್ತು. ಮೆರುಗಿನ ತೊಟ್ಟಿಗೆ ಪಾತ್ರೆ ಅದ್ದುವವರ ಮೈಗೆ ಸೀಸ ಏರಿ ಕೈ ಸೋಲುತ್ತಿತ್ತು. ಬೆಂಕಿಗೂಡಿನ ಮೇಲೆ ಎದುರುಬದುರು ಕೂತ ಬಿಳಿ ನಾಯಿಗೊಂಬೆಗಳ ಜೋಡಿಯ ಮೂತಿಯನ್ನು ನೋಡಿ ಮುದ್ದು ಬಂದರೆ ಬರಲಿ, ಆದರೆ ಆ ಮೂತಿಗೆ ಚುಕ್ಕೆ ಇಟ್ಟ ಕೈ ಎಷ್ಟು ಚಿಕ್ಕದಿತ್ತು ಎಂದೂ ನೆನಪಿರಲಿ.

ಇವನ್ನೆಲ್ಲ ಕೂಡಿಡುವ ಹುಚ್ಚು ಹತ್ತೊಂಬತ್ತನೆಯ ಶತಮಾನದ್ದು. ಅದರಲ್ಲಿ ಮೊದಲ ಹೆಸರು ಲೇಡಿ ಶಾರ್ಲೆಟ್ ಶ್ರೈಬರ್. ಮೊದಲ ಗಂಡ ತೀರಿಕೊಂಡ ಮೇಲೆ ವೇಲ್ಸಿನ ಡೌಲೈಸ್ ಕಬ್ಬಿಣದ ಕಾರ್ಖಾನೆ ನಡೆಸಿದಾಕೆ, ವೇಲ್ಸಿನ ಹಳೆಯ ಕಥಾಮಾಲೆ 'ಮ್ಯಾಬಿನೋಗಿಯನ್' ಅನ್ನು ಇಂಗ್ಲಿಷಿಗೆ ತಂದಾಕೆ, ಹತ್ತು ಮಕ್ಕಳ ತಾಯಿ. ಐವತ್ತು ದಾಟಿದ ಮೇಲೆ ಎರಡನೆಯ ಗಂಡನ ಜೊತೆ ಯುರೋಪಿನ ಊರೂರಿನ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿದರು. ಇಂಗ್ಲೆಂಡಿನಿಂದ ಹೊರಗೆ ಹೋದದ್ದನ್ನು ಮರಳಿ ಇಂಗ್ಲೆಂಡಿಗೆ ತಂದರು. ಎಲ್ಲಿ, ಏನು, ಎಷ್ಟಕ್ಕೆ ಎಂದು ದಿನಚರಿಯಲ್ಲಿ ಬರೆದಿಟ್ಟರು. 1884ರಲ್ಲಿ ಗಂಡ ತೀರಿಕೊಂಡಾಗ ಸುಮಾರು 1,800 ವಸ್ತುಗಳನ್ನು ಅವರ ನೆನಪಿಗೆ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ನನಗೆ ಇನ್ನೂ ಹತ್ತಿರದವನು ಬ್ರೈಟನ್ನಿನ ಹೆನ್ರಿ ವಿಲೆಟ್. ಅವನು ಅಂದ ನೋಡಲಿಲ್ಲ, ಕಾರ್ಖಾನೆ ನೋಡಲಿಲ್ಲ. ಜನ ತಮ್ಮ ಮನೆಯಲ್ಲಿ ಯಾರನ್ನು, ಯಾವ ಸುದ್ದಿಯನ್ನು ಇಟ್ಟುಕೊಂಡಿದ್ದರು ಎಂದು ನೋಡಿದ. ರಾಜರು, ಯುದ್ಧ, ಅಪರಾಧ, ಕುಡಿತ, ಧರ್ಮ ಎಂದು ವಿಷಯವಾರು ಜೋಡಿಸಿ 1903ರಲ್ಲಿ ಊರಿನ ಮ್ಯೂಸಿಯಂಗೆ ಕೊಟ್ಟ. ಬೇರೆಯವರು ಮುಖ ತಿರುಗಿಸಿದ ಅಗ್ಗದ ಗೊಂಬೆಗಳಲ್ಲಿ ಇತಿಹಾಸ ಕಂಡವನು ಅವನು.

ಸಂಗ್ರಹಕ್ಕಿಳಿಯುವವರು ಮೊದಲು ಪಾತ್ರೆಯನ್ನು ತಿರುಗಿಸಿ ಅಡಿ ನೋಡುತ್ತಾರೆ. ಮುದ್ರೆ ಬೇಕು ನಿಜ. ಅಡಿಯಲ್ಲಿ ವಜ್ರದಾಕಾರದ ನೋಂದಣಿ ಗುರುತಿದ್ದರೆ ಆ ವಿನ್ಯಾಸ 1842ರಿಂದ 1883ರ ನಡುವೆ ನೋಂದಣಿಯಾದದ್ದು. 'ಇಂಗ್ಲೆಂಡ್' ಎಂದಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ಏಕೆಂದರೆ ಆ ವರ್ಷದಿಂದ ಅಮೆರಿಕದ ಸುಂಕದ ಕಾನೂನು ಸರಕಿನ ಮೇಲೆ ದೇಶದ ಹೆಸರು ಕೇಳಿತು. 'ಮೇಡ್ ಇನ್ ಇಂಗ್ಲೆಂಡ್' ಇದ್ದರೆ ಇಪ್ಪತ್ತನೆಯ ಶತಮಾನದ್ದೆಂದೇ ಇಟ್ಟುಕೊಳ್ಳಿ. ವೆಜ್‌ವುಡ್ ಹೆಸರಿನ ನಡುವೆ ಹೆಚ್ಚಿಗೆ ಒಂದು 'ಇ' ಇದ್ದರೆ ಅದು ಬೇರೆ ಯಾರೋ ಗಿರಾಕಿಯ ಕಣ್ಣಿಗೆ ಮಣ್ಣೆರಚಲು ಹಾಕಿದ್ದು. ಮನ್ರೋನ ಹೆಚ್ಚಿನ ಅಕ್ಷರ ಮುಗ್ಧತೆ, ಇದು ಕಳ್ಳತನ. ಚೆಲ್ಸಿಯ ಲಂಗರು ಮುದ್ರೆಯಲ್ಲಂತೂ ಮೋಸವೇ ಹೆಚ್ಚು. ಅಸಲು ಲಂಗರು ಅಕ್ಕಿಕಾಳಿನಷ್ಟು ಚಿಕ್ಕದು, ನಾಚಿ ಮೂಲೆಯಲ್ಲಿ ಅವಿತಿರುತ್ತದೆ. ದೊಡ್ಡದಾಗಿ ಚಿನ್ನದಲ್ಲಿ ಹೊಳೆಯುತ್ತಿದ್ದರೆ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಸ್ಯಾಮ್ಸನ್ ಕಾರ್ಖಾನೆಯಂಥವರ ಕೈಚಳಕ. ಜೆಫ್ರಿ ಗಾಡೆನ್ 1964ರಲ್ಲಿ ಹೊರತಂದ ಬ್ರಿಟಿಷ್ ಮುದ್ರೆಗಳ ವಿಶ್ವಕೋಶವೇ ಇಂದಿಗೂ ವ್ಯಾಪಾರಿಗಳ ಪಂಚಾಂಗ.

ಆದರೆ ಮುದ್ರೆ ಬರೆಯುವುದು ಸುಲಭ, ಮೈ ಬದಲಿಸುವುದು ಕಷ್ಟ. ದೀಪಕ್ಕೆ ಹಿಡಿದರೆ ಹಳೆಯ ವೂಸ್ಟರ್ ಮೈ ಹಸಿರಾಗಿ ಕಾಣುತ್ತದೆ. ಚೆಲ್ಸಿಯ ಮೈಯಲ್ಲಿ ಪುಟ್ಟ ಚಂದ್ರರಂತೆ ತಿಳಿ ಚುಕ್ಕೆಗಳು. ಹಳೆಯ ಒತ್ತಚ್ಚಿನ ನಾಯಿಗೊಂಬೆಯ ಗಾಳಿಕಂಡಿ ಚಿಕ್ಕದು. ಅಡಿಯಲ್ಲಿ ಬೆರಳು ತೂರುವಷ್ಟು ದೊಡ್ಡ ತೂತಿದ್ದರೆ ಅದು ಮಣ್ಣಿನ ದ್ರಾವಣ ಸುರಿದು ಎರಕಹೊಯ್ದ ಇತ್ತೀಚಿನ ಮಾಲು. ಬೆರಳ ಗಂಟಿನಿಂದ ತಟ್ಟಿ ಕೇಳಿ, ಬಿರುಕಿದ್ದರೆ ದನಿ ಸತ್ತಿರುತ್ತದೆ. ಒಡೆದದ್ದನ್ನು ಹಿಂದೆ ತಂತಿಯ ಕೊಕ್ಕೆ ಹಾಕಿ ಹೊಲಿಯುತ್ತಿದ್ದರು. ಅಂಥ ಹೊಲಿಗೆ ಇರುವ ತಟ್ಟೆಗೆ ಬೆಲೆ ಬೀಳುತ್ತದೆ, ನಿಜ. ನನ್ನನ್ನು ಕೇಳಿದರೆ ಹೊಲಿಗೆ ಹಾಕಿಸಿಕೊಂಡ ತಟ್ಟೆಯೇ ಮೇಲು. ಯಾರೋ ಅದನ್ನು ಎಸೆಯಲು ಒಪ್ಪಿಲ್ಲ.

ಇಪ್ಪತ್ತನೆಯ ಶತಮಾನದ ಕಥೆ ಬೇಗ ಹೇಳಬಹುದು. 1927ರಲ್ಲಿ ಟನ್‌ಸ್ಟಲ್‌ನ ಹುಡುಗಿ ಕ್ಲಾರಿಸ್ ಕ್ಲಿಫ್ ಮಾರಾಟವಾಗದೆ ಬಿದ್ದಿದ್ದ ಹಳೆ ಪಾತ್ರೆಗಳಿಗೆ ಕಿತ್ತಳೆ, ಹಳದಿ, ಕಪ್ಪು ತ್ರಿಕೋನಗಳನ್ನು ಬಳಿಸಿ 'ಬಿಜಾರ್' ಎಂದು ಮಾರುಕಟ್ಟೆಗೆ ಬಿಟ್ಟಳು. ಕೊರತೆ ಮುಚ್ಚಲು ಬಳಿದ ಬಣ್ಣಕ್ಕೇ ಇಂದು ಹರಾಜಿನಲ್ಲಿ ಬೆಲೆ. ಆಮೇಲೆ 1956ರ ಶುದ್ಧಗಾಳಿ ಕಾನೂನು ಇದ್ದಲಿನ ಆವಿಗೆಗಳ ಹೊಗೆ ನಿಲ್ಲಿಸಿತು. ಬಾಟಲಿಯಾಕಾರದ ಆವಿಗೆಗಳು ಒಂದು ಕಾಲಕ್ಕೆ 2,000ದಷ್ಟಿದ್ದವು, ಈಗ ಉಳಿದದ್ದು 47ರಷ್ಟು. ಏಷ್ಯದ ಅಗ್ಗದ ಪಾತ್ರೆಗಳ ಮುಂದೆ ಹೆಸರುವಾಸಿ ಮನೆಗಳು ಉರುಳಿದವು: 2005ರಲ್ಲಿ ಬರ್ಸ್ಲೆಮ್‌ನ ರಾಯಲ್ ಡೌಲ್ಟನ್ ಕಾರ್ಖಾನೆಗೆ ಬೀಗ, 2008ರಲ್ಲಿ ಸ್ಪೋಡ್, 2009ರ ಜನವರಿಯಲ್ಲಿ ವೆಜ್‌ವುಡ್. ನೌಕರರ ಪಿಂಚಣಿ ಸಾಲಕ್ಕೆ ವೆಜ್‌ವುಡ್ ಮ್ಯೂಸಿಯಂ ಸಂಗ್ರಹವನ್ನೇ ಹರಾಜು ಹಾಕುವ ಪರಿಸ್ಥಿತಿ ಬಂತು. 2014ರಲ್ಲಿ 1.575 ಕೋಟಿ ಪೌಂಡು ಕೂಡಿಸಿ ಅದನ್ನು ಉಳಿಸಿಕೊಂಡರು. ಕೊನೆಯ ಕಂತನ್ನು ಜನಸಾಮಾನ್ಯರ ಚಂದಾ ಒಂದೇ ತಿಂಗಳಲ್ಲಿ ತುಂಬಿತು. ಇವತ್ತಿಗೂ ಹಳೆಯ ಕ್ರಮದಲ್ಲೇ ಕಾಗದ ಅಂಟಿಸಿ ನೀಲಿ ಅಚ್ಚು ಹಾಕುವುದನ್ನು ನೋಡಬೇಕಿದ್ದರೆ ಬರ್ಸ್ಲೆಮ್ ಪಕ್ಕದ ಮಿಡಲ್‌ಪೋರ್ಟ್‌ಗೆ ಹೋಗಬೇಕು.

ಅಷ್ಟು ದೂರ ಹೋಗಲಾಗದವರಿಗೆ ಒಂದು ಮಾತು. ಕೊಡಗಿನದೋ ಚಿಕ್ಕಮಗಳೂರಿನದೋ ಎಸ್ಟೇಟ್ ಬಂಗಲೆಯ ಸಾಮಾನಿನ ಜೊತೆ, ದಂಡುಪ್ರದೇಶದ ಹಳೆ ಮನೆಯ ಹರಾಜಿನಲ್ಲಿ ಬಂದ ಇಂಗ್ಲಿಷ್ ತಟ್ಟೆ, ಟೀ ಪಾಟು ನಿಮ್ಮ ಮನೆಯಲ್ಲಿದ್ದರೆ ಇಳಿಸಿ ನೋಡಿ. ಒರಟು ಪುಡಿ ಹಾಕಿ ಉಜ್ಜಬೇಡಿ, ಚಿನ್ನದ ಗೆರೆ ಹೋಗುತ್ತದೆ. ಅಡಿ ನೋಡಲು ತಿರುಗಿಸುವಾಗ ಹಿಡಿಕೆ ಹಿಡಿದು ಎತ್ತಬೇಡಿ, ಮುಚ್ಚಳ ಮೊದಲು ತೆಗೆದಿಟ್ಟು ಎರಡು ಕೈಯಿಂದ ಮೈ ಹಿಡಿಯಿರಿ. ಹಳೆಯ ಹಿಡಿಕೆಯನ್ನು ಯಾರು ಯಾವಾಗ ಅಂಟಿಸಿದ್ದಾರೋ ಹೇಳಲಾಗದು.